ಏಳು ಬಟಾಟೆ

ನನ್ನ ಮೂರ್ಖತನವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುತ್ತಾ ಓದುತ್ತಾ ನಿಮಗೆ ನನ್ನ ಮೇಲೆ ಸುಮ್ಮನೆ ಪ್ರೀತಿ ಹುಟ್ಟೀತು. ೨೦೦೯ರ ವಸಂತದ ಒಂದು ಮಂಗಳವಾರ ಬೆಳಿಗ್ಗೆ, ನ್ಯೂಜೆರ್ಸಿಯ ಮಾರಿಸ್‌ಟೌನಿನ ನಮ್ಮ ಆಫೀಸಿನ ಕೆಳಮಹಡಿಯ ಕೋಣೆಯಿಂದ, ನಮ್ಮ ಮ್ಯಾನೇಜರನ ದನಿ ತೆಗೆದು, ನನ್ನ ಅಪ್ಪನಿಗಿಂತ ದೊಡ್ಡವರಾದ ಒಬ್ಬ ಐರಿಷ್ ಮನುಷ್ಯರಿಗೆ ಫೋನ್ ಮಾಡಿ, "ಒಂದು ನಿಮಿಷ ಕೆಳಗೆ ಬರ್ತೀರಾ" ಎಂದು ಕರೆದವನು ನಾನು. ಮೇಜಿನ ಮೇಲೆ ನನ್ನ ಮುಂದೆ ಒಂದು ಡಬ್ಬಿ, ಅದರಲ್ಲಿ ಬೇಯಿಸಿದ ಏಳು ಬಟಾಟೆ. ಅವರು ಬಾಗಿಲು ತೆಗೆದ ಕೂಡಲೇ ಆ ಏಳನ್ನೂ ಅವರ ಭಾಷೆಯಲ್ಲಿ ತಪ್ಪಿಲ್ಲದೆ ಎಣಿಸಿ ತೋರಿಸುವುದು ನನ್ನ ಘನ ಯೋಜನೆ.

ಅವರು ಬರಲಿಲ್ಲ.

ನಾನು ದನಿ ಕದಿಯುವವನು. ಶಾಲೆಯಲ್ಲಿ ಹೆಡ್‌ಮಾಸ್ಟರು, ಬಸ್ಸಿನಲ್ಲಿ ಕಂಡಕ್ಟರು, ಅಮೆರಿಕಕ್ಕೆ ಓದಲು ಬಂದ ಮೇಲೆ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ತೆಗೆದುಕೊಂಡ ಅಧಿಕಾರಿ, ಯಾರೂ ತಪ್ಪಿಸಿಕೊಂಡಿಲ್ಲ. ನನ್ನದನ್ನೇ ಅಣಕಿಸು ಎಂದರೆ ಅದನ್ನೂ ಮಾಡುತ್ತಿದ್ದೆ: ಫೋನಿನಲ್ಲಿ ಅಮೆರಿಕನ್ನರು ಸಿಕ್ಕರೆ ಉಡುಪಿಯ ಬಾಯಿ ಹೇಗೆ ಮೂಗಿಗೆ ಏರುತ್ತದೆ, ಕಾಲ್ ಮುಗಿದ ಕೂಡಲೇ ಹೇಗೆ ಇಳಿಯುತ್ತದೆ ಎಂದು. ನಾನಿದ್ದದ್ದು ನ್ಯೂಯಾರ್ಕಿನ ಪೂರ್ವದ ಅಂಚಿನ ಫ್ಲೋರಲ್ ಪಾರ್ಕಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ನನ್ನ ಸ್ವಂತ ದನಿ ಯಾವುದು ಎಂದು ಯಾರೋ ಕೇಳಿದ್ದಕ್ಕೆ ಚಿಕ್ಕಮ್ಮ, "ಅದು ಹಸಿವಾದಾಗ ಮಾತ್ರ ಬರುವುದು" ಅಂದಿದ್ದರು.

ಆ ಐರಿಷ್ ಮನುಷ್ಯರದೂ ಫ್ಲೋರಲ್ ಪಾರ್ಕೇ. ನಮ್ಮ ಕಂಪನಿ ಪರರ ಪಿಂಚಣಿ ಕಾಗದಗಳನ್ನು ನೋಡಿಕೊಳ್ಳುವಂಥದ್ದು. ಮ್ಯಾನ್‌ಹಟನ್ನಿನ ಬಾಡಿಗೆ ಹೆಚ್ಚಾಯಿತೆಂದು ಅದು ನ್ಯೂಜೆರ್ಸಿಗೆ ಎದ್ದುಹೋದಾಗ ಹಳಬರಲ್ಲಿ ಹಲವರು ಬಿಟ್ಟರು, ಇವರು ಬಿಡಲಿಲ್ಲ. ಹೀಗಾಗಿ ಬೆಳಿಗ್ಗೆ ಎಲ್ಲರೂ ಸಿಟಿಯ ಕಡೆ ಹೋದರೆ ನಾವಿಬ್ಬರು ಸಿಟಿಯನ್ನು ದಾಟಿ ಆಚೆ ಹೋಗುತ್ತಿದ್ದೆವು. ಪೆನ್ ಸ್ಟೇಷನ್ನಿನಲ್ಲಿ ಟ್ರೈನ್ ಬದಲಿಸಿ, ಮಾರಿಸ್‌ಟೌನಿಗೆ ಇಳಿಯುವ ಹೊತ್ತಿಗೆ ಎರಡು ತಾಸು. ದಿನಕ್ಕೆ ನಾಲ್ಕು ತಾಸು ಒಬ್ಬರ ಪಕ್ಕ ಒಬ್ಬರು. ಗಂಡ ಹೆಂಡತಿಯರು ಕೂಡ ಅಷ್ಟು ಹೊತ್ತು ಜೊತೆಗೆ ಕೂರುವುದಿಲ್ಲ.

ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ನಮ್ಮವರಲ್ಲದವರಿಗೆ ಅಂಕಲ್ ಎನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ಅವರೂ ಮೊದಲ ದಿನ ಹುಬ್ಬೇರಿಸಿ, "ನಿನ್ನಂಥ ಅಣ್ಣನ ಮಗ ನನಗೆ ಇದ್ದಿದ್ದರೆ ನಾನು ದೇಶ ಬಿಡುವುದಕ್ಕೆ ಇನ್ನೊಂದು ಕಾರಣ ಇರ್ತಿತ್ತು" ಅಂದರು. ಅವರು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ಅದರ ಏರಿಳಿತ ಎಷ್ಟು ನಮ್ಮ ಕಡೆಯದಾಗಿತ್ತೆಂದರೆ ನನ್ನ ಕಿವಿಯೊಳಗೆ ಅದು ಕನ್ನಡವಾಗಿಯೇ ಇಳಿಯುತ್ತಿತ್ತು. ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ.

ಮಾತು ಶುರುವಾದದ್ದು ಊಟದ ಡಬ್ಬಿಯಿಂದ. ನನ್ನದರಲ್ಲಿ ಚಿಕ್ಕಮ್ಮ ಮಾಡಿದ ಬಟಾಟೆ ಪಲ್ಯ. ಅವರದರಲ್ಲಿ ಉಪ್ಪು, ಬೆಣ್ಣೆ, ಇಡಿಯಾಗಿ ಬೇಯಿಸಿದ ಬಟಾಟೆ.

"ಇದಕ್ಕೆ ನಿಮ್ಮಲ್ಲಿ ಎಂತ ಹೇಳ್ತಾರೆ?" ಅಂದರು.

"ಬೆಂಗಳೂರಿನವರು ಆಲೂಗಡ್ಡೆ ಅಂತಾರೆ. ನಾವು ಕರಾವಳಿಯವರು ಬಟಾಟೆ."

ಅವರು ತಿನ್ನುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ ಹೇಳು."

"ಬಟಾಟೆ."

"ನಮ್ಮದು ಪ್ರಾತಾ" ಅಂದರು. "ಇಬ್ಬರೂ ಒಂದೇ ಮನೆಯಿಂದ ಕದ್ದಿದ್ದೇವೆ ಮಾರಾಯ."

ಕದ್ದದ್ದು ನಿಜ. ಕೆರಿಬಿಯನ್ ದ್ವೀಪಗಳ ಜನ ತಮ್ಮ ಗೆಣಸಿಗೆ ಬಟಾಟಾ ಎನ್ನುತ್ತಿದ್ದರಂತೆ. ಸ್ಪೇನಿನವರು ಗಡ್ಡೆಯ ಜೊತೆಗೆ ಹೆಸರನ್ನೂ ಹಡಗಿಗೆ ಹಾಕಿದರು. ಪೋರ್ಚುಗೀಸರು ಅದನ್ನು ಗೋವೆಗೆ ತಂದರು, ಅಲ್ಲಿಂದ ಜಾರಿ ಅದು ನಮ್ಮ ಅಡುಗೆಮನೆಗೆ ಬಂತು. ಇಂಗ್ಲಿಷರ ಕೈಗೆ ಸಿಕ್ಕಿದ್ದು ಪೊಟೇಟೊ ಆಗಿ, ಅದು ಐರ್ಲೆಂಡಿಗೆ ದಾಟಿ ಪ್ರಾತಾ ಆಯಿತು. ಅವರ ದೇಶದ ಪಶ್ಚಿಮದವರು ಫಾತಾ ಎನ್ನುತ್ತಾರೆ, ಉತ್ತರದವರು ಪ್ರೇತಾ ಎನ್ನುತ್ತಾರೆ. ನಡುವೆ ಆ ರ-ಕಾರ ಎಲ್ಲಿಂದ ನುಗ್ಗಿತು ಎಂದು ಕೇಳಿದೆ. "ಗೊತ್ತಿಲ್ಲ. ನಮ್ಮಲ್ಲಿ ಕರೆಯದೆ ಬರುವವರು ಜಾಸ್ತಿ" ಅಂದರು.

ಗೆಣಸಿನ ಹೆಸರು ಬೇರೊಂದು ಗಡ್ಡೆಗೆ ಅಂಟಿ, ಆ ದ್ವೀಪದವರೇ ಬಹುಪಾಲು ಅಳಿದುಹೋಗಿ, ಅವರ ಒಂದು ಪದ ಮಾತ್ರ ನ್ಯೂಜೆರ್ಸಿಯ ಟ್ರೈನಿನಲ್ಲಿ ಎರಡು ಡಬ್ಬಿಗಳಲ್ಲಿ ಕೂತಿತ್ತು. ಇದನ್ನು ಅವರೇ ಹೇಳಿದ್ದು. ಆ ಗಡ್ಡೆಯೊಂದನ್ನೇ ತಿಂದು ಬದುಕಿದ್ದ ಊರುಗಳು ಅದು ಕೊಳೆತ ವರ್ಷಗಳಲ್ಲಿ ಖಾಲಿಯಾದದ್ದು ಅವರಿಗೆ ಅಜ್ಜಿಯ ಅಜ್ಜಿಯ ಕಾಲದ ಸುದ್ದಿ. ಆದರೂ ತಟ್ಟೆಯಲ್ಲಿ ಒಂದು ತುಂಡು ಬಿಡುತ್ತಿರಲಿಲ್ಲ.

ಅಂದಿನಿಂದ ಪಾಠ. ಮೊದಲ ಆಘಾತ: ಅವರಲ್ಲಿ ಬಟಾಟೆ ಗಂಡು. ನಮ್ಮ ಹಾಗೆ "ಅದು" ಅಲ್ಲ, "ಅವನು". ಮನೆಗೆ ಹೋಗಿ ಇದನ್ನು ಹೇಳಿದ್ದಕ್ಕೆ ಚಿಕ್ಕಮ್ಮ ಒಂದು ವಾರ ಕುಕ್ಕರಿನ ಮುಂದೆ ನಿಂತು, "ಹೋಯ್, ಅವನು ಬೆಂದನಾ ನೋಡು, ಬೆಂದಿದ್ರೆ ಸಿಪ್ಪೆ ತೆಗ್ದು ಕೂರಿಸು" ಎನ್ನುತ್ತಿದ್ದರು. ಎರಡನೆಯದು, ಅವರಲ್ಲಿ "ನಾನು ಬಟಾಟೆ ಹೊಂದಿದ್ದೇನೆ" ಎನ್ನುವ ಇಂಗ್ಲಿಷ್ ಚಾಳಿ ಇಲ್ಲ. ತಾ ಪ್ರಾತಾ ಅಗಮ್: ಬಟಾಟೆ ನನ್ನ ಹತ್ತಿರ ಇದೆ. ಥೇಟು ನಮ್ಮ ಹಾಗೆ. ಹಸಿವು, ದುಃಖ, ನಾಚಿಕೆ ಎಲ್ಲ ಮನುಷ್ಯನ ಮೇಲೆ ಬಂದು ಕೂರುತ್ತವೆಯೇ ಹೊರತು ಅವನು ಅವುಗಳ ಯಜಮಾನನಲ್ಲ.

ಎಣಿಸುವಾಗ ಮಾತ್ರ ನನ್ನ ಬಾಯಿ ಒದ್ದಾಡಿತು. ಎರಡರಿಂದ ಆರರವರೆಗೆ ಪ್ರಾತಾದ ಪ ಸಡಿಲವಾಗಿ ಫ ಆಗುತ್ತದೆ: ಗಾ ಫ್ರಾತಾ, ತ್ರೀ ಫ್ರಾತಾ. ಏಳಕ್ಕೆ ಬಂದರೆ ಅದೇ ಪ ಬ ಆಗುತ್ತದೆ: ಶಾಖ್ತ್ ಬ್ರಾತಾ. ಎಷ್ಟಿದ್ದರೂ ಬಹುವಚನ ಇಲ್ಲ, ನಾವು ಏಳು ಬಟಾಟೆ ಅನ್ನುವ ಹಾಗೆ. ಬರೆಯುವಾಗ ಪ ಇರುತ್ತದೆ, ಅದರ ಮುಂದೆ ಬ ಬಂದು ನಿಂತಿರುತ್ತದೆ, ಓದುವಾಗ ಬ ಮಾತ್ರ.

"ಪ ಎಲ್ಲಿಗೆ ಹೋಯ್ತು?" ಎಂದೆ.

"ಎಲ್ಲಿಗೂ ಹೋಗಿಲ್ಲ. ಅದರ ಮುಂದೆ ಇನ್ನೊಬ್ಬ ನಿಂತಿದ್ದಾನೆ. ಇದಕ್ಕೆ ನಮ್ಮಲ್ಲಿ ಗ್ರಹಣ ಅಂತಲೇ ಹೆಸರು."

ನಮ್ಮಲ್ಲೂ ಉಂಟು ಎಂದೆ. ಕಣ್ಣು ಮತ್ತು ಪನಿ ಸೇರಿದರೆ ಕಂಬನಿ, ಪ ಹೋಗಿ ಬ. ಹಳೆಯ ಪಾಲು ಈಗಿನ ಹಾಲು. ಅವರು ಖುಷಿಯಿಂದ ಕಂಬನಿ, ಕಂಬನಿ ಎಂದು ಪೆನ್ ಸ್ಟೇಷನ್ನಿನ ಮೆಟ್ಟಿಲು ಇಳಿಯುವವರೆಗೂ ಹೇಳಿಕೊಂಡರು. ಅರ್ಥ ಕೇಳಿದ ಮೇಲೆ ನಿಲ್ಲಿಸಿದರು.

ಅವರ ಹೆಂಡತಿಗೆ ಆ ಚಳಿಗಾಲದಲ್ಲಿ ಕ್ಯಾನ್ಸರ್ ಗೊತ್ತಾಗಿತ್ತು. ಹನ್ನೆರಡು ಸಲ ಔಷಧ ಏರಿಸಬೇಕು, ಏಳು ಮುಗಿದಿತ್ತು. ಇಬ್ಬರಿಗೂ ಅರುವತ್ತೈದು ತುಂಬಿರಲಿಲ್ಲವಾದ್ದರಿಂದ ಸರ್ಕಾರದ ವಿಮೆ ಇಲ್ಲ. ಇದ್ದದ್ದು ನಮ್ಮ ಕಂಪನಿಯ ವಿಮೆ. ದಿನಕ್ಕೆ ನಾಲ್ಕು ತಾಸು ಟ್ರೈನಿನಲ್ಲಿ ಕೂರಲು ಅವರಿಗಿದ್ದ ಕಾರಣ ಅದೊಂದೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವ ಆಸೆ ಈಗಲೂ ಆಗುತ್ತದೆ.

ಆ ತಿಂಗಳುಗಳಲ್ಲಿ ನಮ್ಮ ಆಫೀಸಿನಲ್ಲಿ ಮಂಗಳವಾರ ಎಂದರೆ ಯಾರೂ ಗಟ್ಟಿಯಾಗಿ ಉಸಿರಾಡುತ್ತಿರಲಿಲ್ಲ. ಮ್ಯಾನೇಜರು ಕೆಳಗಿನ ಕೋಣೆಗೆ ಹೋಗಿ, ಅಲ್ಲಿನ ಫೋನಿನಿಂದ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಎರಡು ಸಲ ಗಂಟಲು ಸರಿಮಾಡಿ, ಮೂಗಿನಲ್ಲಿ, "ಒಂದು ನಿಮಿಷ ಕೆಳಗೆ ಬರ್ತೀರಾ." ಆ ಕೋಣೆಯಲ್ಲಿ ಒಂದು ಟಿಶ್ಯೂ ಡಬ್ಬ, ಒಂದು ಕವರು. ಹೋದವರು ಮೇಲೆ ಬರುತ್ತಿರಲಿಲ್ಲ, ಅವರ ಕೋಟು, ಫೋಟೋಗಳು ರಟ್ಟಿನ ಪೆಟ್ಟಿಗೆಯಲ್ಲಿ ಹಿಂದಿನಿಂದ ಹೋಗುತ್ತಿದ್ದವು. ಉಳಿದವರು ಆ ಕುರ್ಚಿಯ ಕಡೆ ನೋಡದೆ ಟೈಪ್ ಮಾಡುತ್ತಿದ್ದರು. ಬುಧವಾರ ಊಟದ ಹೊತ್ತಿಗೆ ನಾನು ಮ್ಯಾನೇಜರನ ಗಂಟಲು ತೆಗೆಯುತ್ತಿದ್ದೆ. "ಒಂದು ನಿಮಿಷ ಕೆಳಗೆ ಬರ್ತೀರಾ, ಸಮೋಸ ಉಂಟು." ಜನ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ನನ್ನ ಅಂಕಲ್. ಹಾಗಾಗಿ, ಆ ದನಿಯ ಕೆಳಗೆ ನಾನಿರುವುದು ಅವರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಇನ್ನೊಂದು ಸಂಗತಿಯೂ ನನಗೆ ಗೊತ್ತಿತ್ತು. ಹದಿಹರೆಯದಲ್ಲಿ ಅವರು ಲಂಡನ್ನಿನಲ್ಲಿ ಕಟ್ಟಡದ ಕೆಲಸ ಮಾಡಿದ್ದರು, ಗುಂಡಿ ತೋಡುವುದು, ಸಿಮೆಂಟು ಹೊರುವುದು. ಅಲ್ಲಿ ಅವರ ಊರಿನ ಗಂಡಸರಲ್ಲಿ ಒಂದು ರಿವಾಜು. ಮೇಸ್ತ್ರಿ ಬೆಳಿಗ್ಗೆ ನಿಮ್ಮ ಕಡೆಗೇ ನಡೆದು ಬರುತ್ತಿದ್ದಾನೆ, ಅವನ ನಡಿಗೆಯಲ್ಲೇ ಸುದ್ದಿ ಇದೆ ಎಂದು ಕಂಡರೆ, ಅವನು ಬಾಯಿ ತೆಗೆಯುವ ಮೊದಲು ಗುದ್ದಲಿ ಕೆಳಗಿಟ್ಟು ಕೋಟು ಹಾಕಿಕೊಂಡುಬಿಡಬೇಕು. "ಹೋಗು ಅನ್ನಿಸಿಕೊಳ್ಳಬಾರದು. ಹೋಗುತ್ತಿರಬೇಕು" ಎಂದು ಅವರಪ್ಪ ಹೇಳಿಕೊಟ್ಟಿದ್ದರಂತೆ. ಇದನ್ನು ಟ್ರೈನಿನಲ್ಲಿ ಹೇಳಿದಾಗ ನಾನು ಎದ್ದು ನಿಂತು ಆ ಮೇಸ್ತ್ರಿಯ ನಡಿಗೆಯನ್ನು ಮಾಡಿ ತೋರಿಸಿದ್ದೆ. ಸೀಟುಗಳ ನಡುವೆ, ಹೊಟ್ಟೆ ಮುಂದೆ ಮಾಡಿಕೊಂಡು. ಅವರು ಬಹಳ ನಕ್ಕರು.

ಆ ಮಂಗಳವಾರ ಮ್ಯಾನೇಜರು ರಜೆಯಲ್ಲಿದ್ದ. ಕೆಲಸದಿಂದ ತೆಗೆಯುವವರ ಪಟ್ಟಿ ಇರಲಿಲ್ಲ, ಕೋಣೆ ಖಾಲಿ. ರಜೆ ಎಂದು ನನಗೆ ಅವನ ಸೆಕ್ರೆಟರಿ ಹೇಳಿದ್ದಳು. ಬೇರೆಯವರಿಗೆ ಹೇಳಿದ್ದಾಳೆಯೇ ಎಂದು ನಾನು ಕೇಳಲಿಲ್ಲ. ಒಂಬತ್ತೂಕಾಲಕ್ಕೆ ಕೆಳಗಿಳಿದು ಡಬ್ಬಿ ತೆಗೆದಿಟ್ಟೆ. ಹಿಂದಿನ ಸಂಜೆ ಚಿಕ್ಕಮ್ಮ "ಏಳೇ ಯಾಕೆ?" ಎಂದು ಕೇಳುತ್ತಾ ಬೇಯಿಸಿಕೊಟ್ಟದ್ದು. ಗಂಟಲು ಎರಡು ಸಲ ಸರಿಮಾಡಿದೆ. ಫೋನಿನ ಆ ತುದಿಯಲ್ಲಿ ಅವರು "ಸರಿ" ಎಂದಷ್ಟೇ ಹೇಳಿದರು. ನನ್ನ ಜೀವಮಾನದ ಅತ್ಯುತ್ತಮ ಅಣಕ ಅದು.

ಹದಿನೈದು ನಿಮಿಷ ಕಾದೆ. ಕಂಡುಹಿಡಿದು ನನ್ನನ್ನೇ ಕಾಯಿಸುತ್ತಿದ್ದಾರೆ ಎಂದುಕೊಂಡು ಮೇಲೆ ಹೋದೆ. ಅವರ ಮೇಜು ಒರೆಸಿದ ಹಾಗಿತ್ತು. ಕೀಬೋರ್ಡಿನ ಮೇಲೆ ಬ್ಯಾಡ್ಜ್. ಗೂಟದಲ್ಲಿ ಕೋಟು ಇಲ್ಲ. ಪಕ್ಕದ ಮೇಜಿನವಳು ಪರದೆಯಿಂದ ತಲೆ ಎತ್ತದೆ, "ಎಚ್‌ಆರ್‌ಗೆ ಎರಡು ಸಾಲು ಬರೆದು ಕಳಿಸಿದರು. ಇಂದಿನಿಂದ ಕೆಲಸ ಬಿಟ್ಟಿದ್ದೇನೆ ಅಂತ. ನನಗೆ ತೋರಿಸಿ, ಸ್ಪೆಲಿಂಗ್ ಸರಿ ಇದೆಯಾ ಅಂತ ಕೇಳಿದರು" ಅಂದಳು.

ನಾನು ಸ್ಟೇಷನ್ನಿಗೆ ಓಡಿದೆ. ಟ್ರೈನ್ ಹೋಗಿತ್ತು. ಅವರ ಮೊಬೈಲ್ ನಂಬರ್ ಹೆಂಡತಿ ಮತ್ತು ಆಸ್ಪತ್ರೆಯವರನ್ನು ಬಿಟ್ಟು ಯಾರ ಹತ್ತಿರವೂ ಇರಲಿಲ್ಲ.

ಆಗಲೇ ಎಚ್‌ಆರ್ ಬಾಗಿಲು ತಟ್ಟಿ ಫೋನ್ ಮಾಡಿದ್ದು ನಾನು ಎಂದಿದ್ದರೆ ಮುಗಿದಿತ್ತು. ತಟ್ಟಲಿಲ್ಲ. ನನ್ನದು ಎಚ್-ಒನ್ ವೀಸಾ. ಕೆಲಸ ಹೋದರೆ ಗಂಟು ಕಟ್ಟಬೇಕು. ಎರಡು ಗಂಟೆಯವರೆಗೆ ಕುರ್ಚಿಯಲ್ಲಿ ಕೂತು ಪರದೆ ನೋಡಿದೆ. ಕೊನೆಗೆ ಹೋದಾಗಲೂ ಅರ್ಧವನ್ನೇ ಹೇಳಿದೆ. "ಅವರು ಏನನ್ನೋ ತಪ್ಪಾಗಿ ತಿಳಿದುಕೊಂಡಿರಬಹುದು. ವಾಪಸ್ ಕರೆಯಬಹುದಾ?"

ಎಚ್‌ಆರ್‌ನ ಹೆಂಗಸು ಕೆಟ್ಟವಳಲ್ಲ. "ರಾಜೀನಾಮೆ ಅಂಗೀಕಾರ ಆಗಿದೆ" ಎಂದಳು. ಆಮೇಲೆ, ಬಾಯಿ ತಪ್ಪಿ, "ಒಂದೇ ಒಂದು ವಾರ ಕಾದಿದ್ದರೆ..." ಎಂದು ಹೇಳಿ, ಮುಂದಿನ ಮಾತನ್ನು ನುಂಗಿ, ಕಾಗದ ಜೋಡಿಸಿದಳು.

ನುಂಗಿದ್ದು ಏನೆಂದು ಅರ್ಥವಾಗಲು ನನಗೆ ಪೆನ್ ಸ್ಟೇಷನ್ನಿನವರೆಗೂ ಬೇಕಾಯಿತು. ಮುಂದಿನ ಮಂಗಳವಾರದ ಪಟ್ಟಿಯಲ್ಲಿ ಅವರ ಹೆಸರಿತ್ತು. ಕಂಪನಿಯೇ ತೆಗೆದಿದ್ದರೆ ವಿಮೆಯನ್ನು ಕೆಲವು ತಿಂಗಳು ಅದೇ ನಡೆಸುತ್ತಿತ್ತು, ಆಮೇಲೆ ಆ ವರ್ಷ ಸರ್ಕಾರ ತಂದಿದ್ದ ನೆರವೂ ಸಿಗುತ್ತಿತ್ತು. ತಾನಾಗಿ ಬಿಟ್ಟವರಿಗೆ ಎರಡೂ ಇಲ್ಲ. ಹೋಗು ಅನ್ನಿಸಿಕೊಳ್ಳುವುದಕ್ಕೂ ಹೋಗುವುದಕ್ಕೂ ನಡುವೆ ಇರುವುದು ಅವರಿಗೆ ಮರ್ಯಾದೆ, ಕಂಪನಿಗೆ ಐದು ಸಲದ ಔಷಧದ ಖರ್ಚು.

ಆ ವಾರ ಮನೆಯಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ನಾಲ್ಕನೆಯ ದಿನ ಚಿಕ್ಕಮ್ಮ ಅನ್ನದ ಪಾತ್ರೆಯನ್ನು ನನ್ನಿಂದ ದೂರ ಎಳೆದರು. "ಎಂತ ಆಯ್ತು ಹೇಳು, ಮತ್ತೆ ಬಡಿಸ್ತೇನೆ."

ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಆ ಬಯ್ಗುಳವನ್ನಾದರೂ ಅಣಕಿಸಬಹುದಿತ್ತು.

"ಬರೆದು ಕೊಡು" ಅಂದರು. "ಫೋನ್ ಮಾಡಿದ್ದು ನಾನೇ, ಮೋಸ ಹೋಗಿ ಅವರು ರಾಜೀನಾಮೆ ಕೊಟ್ಟದ್ದು ಅಂತ. ಅವರು ಅದನ್ನು ಹಿಡ್ಕೊಂಡು ಹೋಗ್ಲಿ."

"ನನ್ನ ವೀಸಾ ಹೋಗ್ತದೆ ಚಿಕ್ಕಮ್ಮ."

"ಹೋದ್ರೆ ಹೋಗ್ಲಿ. ನೀನು ಊರಿಗೆ ಹೋದ್ರೆ ನಿಂಗೆ ಊಟ ಉಂಟು, ಅಮ್ಮ ಉಂಟು, ಬಯ್ಲಿಕ್ಕೆ ಅಪ್ಪ ಉಂಟು. ಆ ಹೆಂಗಸಿಗೆ ಎಂತ ಉಂಟು?" ಅನ್ನ ಬಡಿಸಿದರು. "ಹೇಗೂ ಅಲ್ಲಿ ಹೋದ್ರೆ ನಿನ್ನ ನಾಟಕ ನೋಡ್ಲಿಕ್ಕೆ ಜನ ಜಾಸ್ತಿ."

ಎರಡು ಪುಟ ಟೈಪ್ ಮಾಡಿದೆ. ಅಷ್ಟು ಒಳ್ಳೆಯ ಇಂಗ್ಲಿಷನ್ನು ನಾನು ಕೆಲಸದ ಅರ್ಜಿಗೂ ಬರೆದಿರಲಿಲ್ಲ. ಪಶ್ಚಾತ್ತಾಪ ಮೂರು ಕಡೆ ಬರುತ್ತಿತ್ತು, ಮೂರೂ ಕಡೆ ಬೇರೆ ಬೇರೆ ಪದದಲ್ಲಿ. ಆದರೆ ಬಾತ್‌ರೂಮಿನ ಕನ್ನಡಿಯ ಮುಂದೆ ನಾನು ಏನು ಮಾಡುತ್ತಿದ್ದೆ ಎಂದರೆ, ಅಂಕಲ್ ದನಿಯನ್ನು ತೆಗೆದು, "ಇರಲಿ ಬಿಡು ಮಗಾ, ಚಿಕ್ಕವನು, ಹರಿದು ಹಾಕು" ಎಂದು ನನಗೇ ಹೇಳಿಕೊಳ್ಳುತ್ತಿದ್ದೆ. ತುಂಬಾ ಚೆನ್ನಾಗಿ ಬರುತ್ತಿತ್ತು. ಅವರು ಹಾಗೆಯೇ ಹೇಳುತ್ತಾರೆ ಎಂದು ನನಗೆ ಖಾತ್ರಿಯಾಗುವಷ್ಟು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿ ಮುಗಿಸುತ್ತೇನೆ. ಕಂಪನಿಯ ವಕೀಲರು ಪತ್ರ ಓದಿ ಆ ರಾಜೀನಾಮೆಯನ್ನು ರದ್ದು ಮಾಡಿದರು. ಅಂಕಲ್ಲನ್ನು ಕೆಲಸದಲ್ಲಿ ಇಟ್ಟುಕೊಳ್ಳಲಿಕ್ಕಲ್ಲ, ಕ್ರಮವಾಗಿ ತೆಗೆಯಲಿಕ್ಕೆ. ಕೆಳಗಿನ ಕೋಣೆಯಲ್ಲಿ ಕೂತು, ಹೋಗು ಅನ್ನಿಸಿಕೊಂಡು, ಕವರು ತೆಗೆದುಕೊಂಡು ಅವರು ಹೊರಗೆ ಬಂದರಂತೆ. ನನ್ನನ್ನು ಅದಕ್ಕೂ ಮೊದಲೇ, ಕವರು ಇಲ್ಲದೆ ತೆಗೆದಿದ್ದರು. ಅವರ ಹೆಂಡತಿ ಹನ್ನೆರಡೂ ಮುಗಿಸಿದರು. ಮುಂದಿನ ಚಳಿಗಾಲ ದಾಟಲಿಲ್ಲ; ಚಿಕ್ಕಮ್ಮ ಅಂತ್ಯಕ್ರಿಯೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಬಂದದ್ದನ್ನು ನನಗೆ ಉಡುಪಿಗೆ ಫೋನ್ ಮಾಡಿ ಹೇಳಿದರು. ನಾನು ಅಂಕಲ್‌ಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಈಗಲೂ ಅಂಗಡಿಯಲ್ಲಿ ಬಟಾಟೆ ಆರಿಸುವಾಗ ಬಾಯಿ ತನ್ನಷ್ಟಕ್ಕೆ ಎಣಿಸುತ್ತದೆ. ಆರರವರೆಗೆ ಸರಾಗ. ಏಳರಲ್ಲಿ ಅಂಗಡಿಯವನು, "ಸಾಕಾ?" ಎನ್ನುತ್ತಾನೆ.

ಇನ್ನು ಉಳಿದದ್ದು ನಾನು ಪತ್ರ ಹಿಡಿದು ಅಂಕಲ್ ಮನೆಗೆ ಹೋದ ಆ ಶನಿವಾರ ಮಧ್ಯಾಹ್ನ. ಅವರ ಮನೆ ಹಿಲ್‌ಸೈಡ್ ಅವೆನ್ಯೂವಿನ ನಮ್ಮವರ ಅಂಗಡಿಗಳಿಂದ ಮೂರು ಬೀದಿ ಆಚೆ. ಬಾಗಿಲು ತೆಗೆದದ್ದು ಹೆಂಡತಿ. ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡಿದ್ದರು. ಅವರನ್ನು ನೋಡಿದ್ದು ಅದೇ ಮೊದಲು. ಅಡುಗೆಮನೆಯ ಮೇಜಿನ ಮೇಲೆ ಆಸ್ಪತ್ರೆಯ ಕಾಗದಗಳು ಹರಡಿದ್ದವು. ಅಂಕಲ್ ಕನ್ನಡಕ ಹಾಕಿಕೊಂಡು ಯಾವುದೋ ಅರ್ಜಿ ತುಂಬುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅವರಿಗೆ ಇನ್ನೂ ಗೊತ್ತಿರಲಿಲ್ಲ.

"ಬಾ ಬಾ. ಏಳು ಬಂತಾ ಬಾಯಿಗೆ?" ಅಂದರು.

ಪತ್ರ ಕೊಟ್ಟೆ. ಅವರು ಮೊದಲ ಪುಟ ಓದಿದರು. ಮತ್ತೆ ಮೊದಲಿನಿಂದ ಓದಿದರು. ಎರಡನೆಯ ಪುಟಕ್ಕೆ ಹೋಗಲೇ ಇಲ್ಲ. ಕನ್ನಡಕ ತೆಗೆದು, ಮಡಚಿ, ಎದ್ದು, ಹಿಂಬಾಗಿಲಿನಿಂದ ಹಿತ್ತಿಲಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ನಾನು ಕಾದೆ. ಕನ್ನಡಿಯ ಮುಂದೆ ಅಷ್ಟು ಸಲ ಕೇಳಿದ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. ನಾನು, ಟ್ರೈನಿನಲ್ಲಿ ಕಲಿತ ಅವರದೇ ಭಾಷೆಯಲ್ಲಿ, ಅವರದೇ ಏರಿಳಿತದಲ್ಲಿ, ದುಃಖ ನನ್ನ ಮೇಲಿದೆ ಎನ್ನುವ ವಾಕ್ಯವನ್ನು ಹೇಳಿದೆ. ಬಹಳ ಚೆನ್ನಾಗಿ ಬಂತು. ಹಿತ್ತಿಲಿನ ಬೆನ್ನು ಅಲುಗಲಿಲ್ಲ.

ಹೆಂಡತಿ ಮೇಜಿನ ಮೇಲಿನ ಎರಡೂ ಪುಟಗಳನ್ನು ತೆಗೆದುಕೊಂಡು ನಿಂತಲ್ಲೇ ಓದಿದರು. ಕೊನೆಯ ಸಾಲಿನವರೆಗೆ, ಅದರ ಕೆಳಗಿನ ಖಾಲಿ ಜಾಗದವರೆಗೆ. ಗಂಡನ ಪೆನ್ನನ್ನು ಅರ್ಜಿಯ ಮೇಲಿಂದ ಎತ್ತಿ ನನ್ನ ಮುಂದೆ ಇಟ್ಟರು.

"ನಿನ್ನ ದುಃಖ ಚೆನ್ನಾಗಿ ಟೈಪ್ ಆಗಿದೆ, ಹುಡುಗ. ಸಹಿ ಎಲ್ಲಿ?"